ಅಲ್ಲಾಡದ ಗೆರೆ

ವಾಡಿಯ ಸಿಮೆಂಟ್ ಕಾಲನಿಯಲ್ಲಿ ನಮ್ಮ ಪಕ್ಕದ ಮನೆಯ ಅಂಬರಾಯ, ೧೯೮೭ರಲ್ಲಿ, ಮುಂಬಯಿಯಿಂದ ಪುಟ್ಟ ಕಂಪ್ಯೂಟರ್ ತಂದು ಟಿ.ವಿ.ಗೆ ಜೋಡಿಸಿದ. ಅಂದಿನಿಂದ ಅವನ ಹೆಂಡತಿ ಮಾಳಮ್ಮನಿಗೆ ಟಿ.ವಿ. ಇಲ್ಲ, ನಮಗೆ ನೆಮ್ಮದಿ ಇಲ್ಲ. ರೈಲಿನಲ್ಲಿ ಬರುವ ಪತ್ರಿಕೆ ನೋಡಿ ಅವನು ತನ್ನ ಶೇರುಗಳ ಬೆಲೆ ಟೈಪು ಮಾಡುತ್ತಿದ್ದ. ಪರದೆಯ ಮೇಲೆ ಗೆರೆಗಳು ಮೂಡುತ್ತಿದ್ದವು. ನಾವು ಹೋಗಿ ದರ್ಶನ ಪಡೆಯಬೇಕಿತ್ತು.

ಉಳಿದ ಗೆರೆಗಳು ಏರಿಳಿದರೂ ಒಂದು ಬಟ್ಟೆ ಗಿರಣಿಯದು ಮಾತ್ರ ಶಹಾಬಾದಿ ಕಲ್ಲು ಹಾಸಿದಂತೆ ಸಪಾಟಾಗಿತ್ತು.

"ಬಜಾರ ಬಿದ್ರೂ ಇದು ಅಲ್ಲಾಡಂಗಿಲ್ಲ. ಭಾಳ ಗಟ್ಟಿ ಕಂಪನಿ," ಎಂದು ಬೀಗಿದ.

ನಾನು ಪತ್ರಿಕೆ ತಿರುವಿದೆ. "ಇದರಾಗ ಆ ಗಿರಣಿ ಹೆಸರೇ ಇಲ್ಲಲ್ಲೋ?"

"ಹೆಸರು ಬರೋದು ನಿಂತು ಭಾಳ ದಿನ ಆತು. ನಾವು ಹೊಸ ಬೆಲೆ ಹಾಕದಿದ್ರ ಕಂಪ್ಯೂಟರ್ ಹಿಂದಿಂದೇ ಇಟ್ಕೋತದ. ಶ್ಯಾಣ್ಯಾ ಮಷೀನು!"

ಗಿರಣಿಗೆ ಬೀಗ ಬಿದ್ದ ಸುದ್ದಿ ಅದೇ ಪತ್ರಿಕೆಯಲ್ಲಿ ಎಂದೋ ಬಂದಿತ್ತು. ಶೇರಿನ ಪುಟ ಬಿಟ್ಟು ಬೇರೇನೂ ಓದದ ಮಹಾಶಯನಿಗೆ ಅದು ಕಂಡೀತೆ? ನಾನೇ ಹೇಳಿದೆ.

ಚಹಾ ತಂದ ಮಾಳಮ್ಮ ಅಂದಳು: "ಹೆಣಾನೂ ಅಲ್ಲಾಡಂಗಿಲ್ಲರಿ. ಆದ್ರ ಅದನ್ನ ಯಾರೂ ದಿನಾ ಮಂದೀನ ಕರದು ತೋರಸಂಗಿಲ್ಲ."