ಗಡ್ಡದವನ ಖಾತೆ

ಗಡ್ಡದವನನ್ನು ಆಸ್ಪತ್ರೆಯಿಂದ ಹೊರಗೆ ಹಾಕಿಸಿದ ಖುಷಿ ಬೆಳಗಿನ ಕಾಫಿ ಆರುವವರೆಗೂ ಉಳಿಯಲಿಲ್ಲ.

ಗಡ್ಡದವನು ಅಲ್ಲಿನ ಹಳೆಯ ಕಂಪ್ಯೂಟರ್ ಮೆಕ್ಯಾನಿಕ್. ಭದ್ರತೆಯ ವಿಷಯದಲ್ಲಿ ಸಡಿಲ ಎಂದು ಅವನ ಮೇಲೆ ದೂರು ಬರೆದವನು ಅವನ ಕೈಕೆಳಗಿನ ಈ ತರುಣ. ಬೆಳಿಗ್ಗೆ ಬಂದವನೇ ಭದ್ರತಾ ವಿಭಾಗದ ಮೇಡಂಗೆ ಹೇಳಿ ಗಡ್ಡದವನ ಖಾತೆ ಮುಚ್ಚಿಸಿದ. ಗೇಟಿನ ಪಕ್ಕದ ಗೋಡೆಗೆ ಅವನ ಫೋಟೋ ಅಂಟಿಸಿದ: 'ಒಳಗೆ ಬಿಡಬಾರದು'. ಆಮೇಲೆ ಕಂಪ್ಯೂಟರ್‌ಗಳನ್ನು ಹೊಸದಾಗಿ ಸಜ್ಜು ಮಾಡಲು ಬೂಟ್ ಡಿಸ್ಕ್‌ಗಳನ್ನು ಹಿಡಿದು ರಕ್ತ ಪರೀಕ್ಷೆಯ ಲ್ಯಾಬಿಗೆ ಹೋದ. ಡಿಸ್ಕ್ ಹಾಕಿ ಚಾಲೂ ಮಾಡಿದರೆ ಹಳೆಯದೆಲ್ಲ ಅಳಿಸಿ, ಸರ್ವರಿನಿಂದ ಹೊಸ ಪ್ರತಿ ತಾನಾಗಿಯೇ ಇಳಿಯಬೇಕು. ಒಂದರಲ್ಲಿ ನೋಡಿ ಮುಂದುವರಿಯುವ ತಾಳ್ಮೆ ಅವನಿಗೆಲ್ಲಿ? ಎಲ್ಲ ಯಂತ್ರಗಳಿಗೂ ಒಟ್ಟಿಗೇ ಹಾಕಿದ.

ಅಳಿಸಿದ್ದಂತೂ ಸರಿಯಾಗಿಯೇ ಅಳಿಸಿತು. ಆಮೇಲೆ ಸಾಲಿಗೆ ಸಾಲೇ ಕಪ್ಪು ಪರದೆ: ಪ್ರವೇಶವಿಲ್ಲ.

ಡಿಸ್ಕ್‌ಗಳನ್ನು ಮಾಡಿದವನು ಗಡ್ಡದವನು. ಅವು ಸರ್ವರಿನ ಬಾಗಿಲು ತಟ್ಟುವುದು ಅವನ ಹೆಸರು, ಅವನ ಪಾಸ್‌ವರ್ಡ್ ಹೇಳಿ.

"ಏನೋ ಮಾಡ್ದೆ?" ಎಂದಳು ತರುಣನ ಅಕ್ಕ. ಲ್ಯಾಬಿನ ಉಸ್ತುವಾರಿ ಅವಳದು, ಇವನಿಗೆ ಈ ಕೆಲಸ ಕೊಡಿಸಿದವಳೂ ಅವಳೇ. "ಹೆರಿಗೆ ಕೋಣೆಯಿಂದ ಫೋನ್ ಮೇಲೆ ಫೋನು. ರಕ್ತ ನಿಲ್ತಿಲ್ವಂತೆ ಆ ಹೆಂಗಸಿಗೆ. ಅವಳ ರಕ್ತದ ವರದಿ ಸರ್ವರಿನಲ್ಲಿದೆ, ಲ್ಯಾಬಿನ ಕಂಪ್ಯೂಟರಿನಲ್ಲಷ್ಟೇ ತೆರೆಯೋದು. ಒಂದು ಯಂತ್ರ ಕೊಡು."

"ಒಂದೇ ನಿಮಿಷ ಅಕ್ಕಾ."

"ನಿನ್ನ ನಿಮಿಷಕ್ಕೆ ಬೆಂಕಿ ಹಾಕ!"

ಅವನು ಮೇಡಂಗೆ ಫೋನ್ ಮಾಡಿದ.

"ಹೊಸ ಡಿಸ್ಕ್ ಮಾಡೋಕೆ ಸಂಜೆ ಆಗತ್ತೆ," ಎಂದಳು ಆಕೆ. "ಮುಚ್ಚಿದ ಖಾತೆ ತೆರೀಬೇಕಂದ್ರೆ ಆತನೇ ಇಲ್ಲಿಗೆ ಬಂದು ಬೆರಳಚ್ಚು ಒತ್ತಬೇಕು. ನಿಯಮ ಬಿಗಿ ಮಾಡಿ ಅಂತ ಬರೆದುಕೊಟ್ಟಿದ್ದು ನೀನೇ ಅಲ್ವೇನಪ್ಪ?"

ಕೊನೆಗೆ ಗಡ್ಡದವನಿಗೇ ಫೋನ್ ಮಾಡಿದ.

"ಅಣ್ಣಾ, ಬಾ. ಕಾಲಿಗೆ ಬೀಳ್ತೀನಿ."

"ನಿನ್ನೆವರೆಗೂ 'ರೀ' ಅಂತಿದ್ದೆ. ಇವತ್ತು ಅಣ್ಣ ಆದ್ನಾ?"

"ನಂಗೋಸ್ಕರ ಅಲ್ಲ. ಹೆರಿಗೆಗೆ ಬಂದಿರೋಳು ಒಬ್ಳು..."

ಗಡ್ಡದವನು ಅವನ ಮಾತು ಮುಗಿಯಲು ಬಿಡಲಿಲ್ಲ.

"ಬೈಯೋದನ್ನ ಸಂಜೆಗೆ ಇಟ್ಕೋತೀನಿ. ಬಂದೆ."

ಬಂದ, ಓಡುತ್ತಲೇ ಬಂದ. ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

"ಬಿಡಯ್ಯಾ, ನಾನೇ ಕರೆಸಿದ್ದು!" ಎಂದು ಗೇಟಿನಲ್ಲೇ ಕಾಯುತ್ತಿದ್ದ ತರುಣ ಕಿರುಚಿದ.

"ಬಿಡಬಾರದು ಅಂತ ಅಂಟಿಸಿದ್ದೂ ನೀವೇ ಸಾರ್. ಅದು ಗೋಡೆ ಮೇಲಿರೋವರೆಗೂ ಬಿಟ್ರೆ ನನ್ನ ಅನ್ನಕ್ಕೆ ಕಲ್ಲು. ನೀವೇ ಕೀಳಿ."

ಕಿತ್ತು ಹೋಗಬಾರದೆಂದು ತರುಣ ಬೆಳಿಗ್ಗೆ ಅಂಚಿಗೆಲ್ಲ ಗೋಂದು ಬಳಿದಿದ್ದ. ಈಗ ಉಗುರಿನಲ್ಲಿ ಕೆರೆದ. ಕಾಗದ ಚೂರುಚೂರಾಗಿ ಬಂತು. ಗಡ್ಡ ಬಂತು, ಕಣ್ಣು ಗೋಡೆಯಲ್ಲೇ ಉಳಿಯಿತು. ಉಗುರಿನ ಸಂದಿಯಲ್ಲಿ ರಕ್ತ ಜಿನುಗಿತು.

ಆಸ್ಪತ್ರೆಯ ಒಳಗಿನಿಂದ ಹೊರಡುತ್ತಿದ್ದ ಆಂಬ್ಯುಲೆನ್ಸ್ ಹಾರ್ನ್ ಹೊಡೆಯಿತು. ಕಾವಲುಗಾರ ಗೇಟನ್ನು ಪೂರ್ತಿ ತೆರೆದ. ಗಾಡಿಯೊಳಗೆ ಮಲಗಿದ್ದವಳ ಕಾಲಷ್ಟೇ ಕಂಡಿತು. ಪಕ್ಕದಲ್ಲಿ ಒಬ್ಬ ಗಂಡಸು ಆ ಪಾದಗಳನ್ನು ತಿಕ್ಕುತ್ತಿದ್ದ.

ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. "ವರದಿ ಇಲ್ದೆ ಮುಟ್ಟಲ್ಲ ಅಂದ್ರು ಡಾಕ್ಟರು. ಬೇರೆ ಕಡೆ ಒಯ್ತಿದ್ದಾರೆ," ಎಂದಳು. ಅವನ ಮುಖ ನೋಡಲಿಲ್ಲ.

ಗಡ್ಡದವನು ತೆರೆದ ಗೇಟಿನಲ್ಲಿ ಒಳಗೆ ಬಂದು ಬೆರಳು ಒರೆಸಿಕೊಂಡ. "ಎಲ್ಲಿ ಒತ್ತಬೇಕು, ತೋರಿಸು. ಇನ್ನೊಬ್ಬಳು ಬರೋದ್ರೊಳಗೆ."

ತರುಣ ಇನ್ನೂ ಗೋಡೆ ಕೆರೆಯುತ್ತಲೇ ಇದ್ದ.