ಇಂಟರ್ನೆಟ್ ಸಾಹೇಬರಿಗೆ ಎರಡು ಚಕ್ಕೋತ

ಊರಿಗೆ ಬಂದವಳು ನೆಟ್ಟಿಗೆ ಬಾರದಿರುವಳೇ? ಗಾದೆ ಕೆಡಿಸಿದ್ದಕ್ಕೆ ಹಿರಿಯರು ಬೈದುಕೊಳ್ಳಲಿ, ಕಥೆ ಮಾತ್ರ ಅಪ್ಪಟ ನಿಜ. ಬೇಕಿದ್ದರೆ ಬೂದಿಗೆರೆ ಕಡೆ ಹೋಗಿ ಬೈಲಪ್ಪನವರನ್ನೇ ಕೇಳಿ.

ಬೈಲಪ್ಪನವರದು ಚಕ್ಕೋತದ ತೋಟ. ಹೆಂಡತಿ ಮುನಿಗಂಗಮ್ಮ ಮಹಿಳಾ ಸಂಘ ಕಟ್ಟಿ, ಊರಿನ ಹಣ್ಣನ್ನೆಲ್ಲ ಡಬ್ಬಿಗೆ ತುಂಬಿ ಬೆಂಗಳೂರಿನ ಮನೆಮನೆಗೆ ಕಳಿಸುತ್ತಿದ್ದರು. ಈಗ ಸಂಘಕ್ಕೆ ಇಂಟರ್ನೆಟ್‌ನಲ್ಲಿ ಸ್ವಂತ ಹೆಸರು ಬೇಕಿತ್ತು, ಅದೂ ಕನ್ನಡ ಅಕ್ಷರದಲ್ಲೇ: ಬೂದಿಗೆರೆಚಕ್ಕೋತ.ಭಾರತ. ಪೇಟೆಯ ಏಜೆಂಟನೊಬ್ಬ, "ನನ್ನ ಹೆಸರಲ್ಲಿ ಮಾಡಿಸಿ ಆಮೇಲೆ ಬಿಟ್ಕೊಡ್ತೀನಿ" ಎಂದು ಬೆನ್ನು ಬಿದ್ದಿದ್ದ. ಅವನು ಮೊದಲೇ ಹಿಡಿದುಬಿಟ್ಟರೆ ಸಂಘ ಬೆಳೆಸಿದ ಹೆಸರು ಅವನ ಪಾಲು.

ಬೈಲಪ್ಪನವರಿಗೆ ಅದೇ ದಿಗಿಲು. ಯಾವ ಕಚೇರಿಗೆ ಹೋದರೂ ಕೈಯಲ್ಲಿ ಹಣ್ಣು, ಬಾಯಲ್ಲಿ ದೊಡ್ಡವರೊಬ್ಬರ ಹೆಸರು ಇಟ್ಟುಕೊಂಡೇ ಹೋದ ಜೀವ ಅದು.

"ಪ್ರಪಂಚಕ್ಕೆಲ್ಲ ಹೆಸರು ಹಂಚೋ ಸಾಹೇಬ ಒಬ್ಬ ಇದ್ದೇ ಇರ್ತಾನೆ ಕಣೇ. ಅವನ ಕಾಲು ಹಿಡೀದೆ ಕೆಲಸ ಆಗಲ್ಲ."

"ನಿಮ್ಗೆ ಹಿಡಿಯೋಕೊಂದು ಕಾಲು ಸಿಕ್ರೆ ಸಾಕು," ಎಂದರು ಮುನಿಗಂಗಮ್ಮ.

ಮಾತು ಬೇಲಿಯಾಚೆಯ ಅಂಬರೀಶನ ಕಿವಿಗೆ ಬಿತ್ತು. ಡಿಗ್ರಿ ಮುಗಿಸಿದ್ದ ಈ ಹುಡುಗನಿಗೆ ಎಮ್ಮೆಯಿಂದ ಎಮ್ಮೆಲ್ಲೆವರೆಗೆ ಯಾರ ದನಿಯಾದರೂ ಬರುತ್ತಿತ್ತು. ಮರುದಿನ ಬೆಳಿಗ್ಗೆ ಬೈಲಪ್ಪನವರ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಇಂಟರ್ನೆಟ್ ಕಚೇರಿ ಶಿರಸ್ತೇದಾರ್ ಮಾತಾಡ್ತಿರೋದು," ಎಂದಿತು ಮೂಗಿನಿಂದ ಹೊರಟ ಗತ್ತಿನ ದನಿ. "ಅರ್ಜಿದಾರರು ಬಿಳಿ ಪಂಚೆ ಉಟ್ಟು, ಎರಡು ಚಕ್ಕೋತ ಸಮೇತ ಪಂಚಾಯ್ತಿ ಲೈಬ್ರರಿ ಕಂಪ್ಯೂಟರ್ ಮುಂದೆ ಹಾಜರಾಗತಕ್ಕದ್ದು."

"ಆಗ್ಲಿ ಸ್ವಾಮಿ. ಹಣ್ಣು ಸಣ್ಣದಾದ್ರೆ ನಡೆಯುತ್ತಾ?"

"ನಡೆಯಲ್ಲ."

ಲೈಬ್ರರಿಯಲ್ಲಿ ಸಂಘದ ಫೋನು, ಆರ್ಡರು ನೋಡಿಕೊಳ್ಳುವ ಚಂದನ ಕೂತಿದ್ದಳು. ಅವಳು ಬೈಲಪ್ಪನವರ ತಂಗಿಯ ಮಗಳು. ಗರಿಗರಿ ಪಂಚೆ, ತಲೆಯಷ್ಟು ದಪ್ಪದ ಹಣ್ಣು ಕಂಡು ಅವಳು ಕಣ್ಣರಳಿಸಿದಳು. "ಯಾರಿಗೆ ಮಾವ ಇದು?"

"ಹೆಸರು ಕೊಡೋ ಸಾಹೇಬ್ರಿಗೆ."

"ಇಂಟರ್ನೆಟ್‌ಗೆ ಯಜಮಾನ ಅಂತ ಒಬ್ಬರಿಲ್ಲ ಮಾವ. ಹೆಸರು, ವಿಳಾಸದ ನಂಬರು ಹಂಚೋಕೆ ಸಂಸ್ಥೆಗಳಿವೆ, ಎಲ್ಲಾರ್ಗೂ ಕಾಣೋ ಹಾಗೆ ನಿಯಮ ಬರೆದಿಟ್ಟಿದ್ದಾರೆ. ಖಾಲಿ ಇರೋ ಹೆಸರನ್ನ ಮೊದಲು ಕೇಳಿದೋರಿಗೆ ಕೊಡ್ತಾರೆ. ನಿಯಮ ಬದಲಾಯಿಸೋ ಮುಂಚೆ ಜನರ ಅಭಿಪ್ರಾಯ ಕೇಳ್ತಾರೆ. ಅವರ ಸಭೇಲಿ ನಾವೂ ಇಲ್ಲಿಂದ್ಲೇ ಕೂರಬಹುದು."

"ನಾನು? ಆ ಸಭೇಲಿ?"

"ಹೂಂ, ನೀವೇ."

ಚಂದನ ಹುಡುಕಿ ನೋಡಿದಳು. ಹೆಸರು ಇನ್ನೂ ಖಾಲಿ ಇತ್ತು. ಮುನಿಗಂಗಮ್ಮ ಬಂದು ಪಕ್ಕದಲ್ಲಿ ನಿಂತರು. ನೋಂದಣಿ ಸಂಘದ ಹೆಸರಲ್ಲೇ, ಸಂಘದ ಇಮೇಲ್‌ನಲ್ಲೇ ಆಯಿತು.

"ನಾಳೆ ಯಾರಾದ್ರೂ ಕಿತ್ಕೊಂಡ್ರೆ?" ಬೈಲಪ್ಪನವರ ಅನುಮಾನ ಇನ್ನೂ ಇಳಿದಿರಲಿಲ್ಲ.

"ಅವಧಿ ಮುಗಿಯೋ ಮುಂಚೆ ನವೀಕರಿಸ್ತಾ ಇದ್ರೆ ನಮ್ದೇ. ತಕರಾರು ಬಂದ್ರೆ ಅದಕ್ಕೂ ದಾರಿ ಇದೆ. ಯಾವ ಹೆಸರು ಯಾರದು ಅನ್ನೋ ದಾಖಲೆನ ನಿಮ್ಮ ಫೋನಲ್ಲೇ ನೋಡಿ ಬೇಕಾದ್ರೆ."

ಬೈಲಪ್ಪನವರು ತಮ್ಮ ಬೆರಳಿಂದಲೇ ಒತ್ತಿ ನೋಡಿದರು. ಸಂಘದ ಹೆಸರು, ನೋಂದಣಿಯಾದ ದಿನ, ಅವಧಿ ಮುಗಿಯುವ ದಿನ. ಅಮೆರಿಕದವನು ಒತ್ತಿದರೂ ಇದೇ ಕಾಣುತ್ತದೆ ಎಂದಳು ಚಂದನ. ಯಾರ ಮಗ, ಯಾರ ಕಡೆಯವನು ಎಂದು ಯಾರೂ ಕೇಳಿರಲಿಲ್ಲ. ಅವರು ಫೋನನ್ನು ಕಣ್ಣಿಗೊತ್ತಿಕೊಂಡರು.

"ಇಷ್ಟು ಅಚ್ಚುಕಟ್ಟಾಗಿ ನಡೆಸ್ತಿರೋ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರ್ಲಿ. ನಿಂದೂ ಕಣಮ್ಮ."

ಓದುಗರೇ, ನಿಮ್ಮ ಸಂಘದ, ಅಂಗಡಿಯ ಹೆಸರನ್ನೂ ನಿಮ್ಮ ಹೆಸರಲ್ಲೇ ನೋಂದಾಯಿಸಿ, ಮಧ್ಯವರ್ತಿಯ ಹೆಸರಲ್ಲಿ ಬೇಡ. ಅವಧಿ ಮುಗಿಯುವ ದಿನ ನೆನಪಿರಲಿ. ದಾಖಲೆ ಎಲ್ಲರಿಗೂ ತೆರೆದಿದೆ, ನೋಡಿ. ನಿಯಮ ಸರಿಯಿಲ್ಲ ಅನಿಸಿದರೆ ಆ ಸಂಸ್ಥೆಗಳಿಗೆ ಬರೆದು ತಿಳಿಸಿ. ಇಂಟರ್ನೆಟ್ ನಿಮ್ಮದೂ ಹೌದು.

ಅಷ್ಟರಲ್ಲಿ ಇತ್ತ ಲೈಬ್ರರಿಯಲ್ಲಿ ಪುಸ್ತಕದ ಕಪಾಟಿನ ಹಿಂದಿನಿಂದ ಮೂಗಿನ ದನಿ ಬಂತು: "ಅರ್ಜಿದಾರರು ಪಂಚೆ ಬಿಚ್ಚಿ ಲುಂಗಿ ಉಟ್ಕೋಬಹುದು."

"ಲೇ ಅಂಬರೀಶಾ, ನೀನೇನಲಾ ಶಿರಸ್ತೇದಾರ?"

"ನಾನೇ ದೊಡ್ಡಪ್ಪ," ಎಂದು ಅವನು ಕಿವಿ ಹಿಡಿದುಕೊಂಡು ಹೊರಬಂದ.

ಮುನಿಗಂಗಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಚಂದನ ಮೇಜಿಗೆ ತಲೆಯಿಟ್ಟು ನಕ್ಕಳು. ಬೈಲಪ್ಪನವರು ಮಾತ್ರ ಕುರ್ಚಿಯ ತೋಳು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಹೊರಗೆ ಬಸ್ಸಿಗೆ ಕಾಯುತ್ತಿದ್ದವರೂ ಇಣುಕುವಷ್ಟು ಜೋರಾಗಿ ನಕ್ಕರು.