ಐದು ಗುಂಡಿಗೂ ಒಂದೇ ದಡಿ

ಒಂದನೇ ಗುಂಡಿ ಒತ್ತಿದರೆ ಪರದೆಯ ಮೇಲೆ ಸೀರೆಯಂಚಿನ ರುದ್ರಾಕ್ಷಿ ದಡಿ. ಎರಡನೆಯದಕ್ಕೂ ರುದ್ರಾಕ್ಷಿ. ಐದಕ್ಕೂ ಅದೇ, ಪಟ್ಟಿಯ ಕೊನೆಯ ದಡಿ.

"ನಿನ್ನ ಯಂತ್ರಕ್ಕ ದೀಕ್ಷಾ ಆಗೇತೇನವಾ? ಬರೇ ರುದ್ರಾಕ್ಷಿ ಹಿಡದೈತಿ," ಎಂದ ಈರಯ್ಯ. ದಡಿಗಳ ಮಾದರಿ ಕೊಡಲು ಶಹಾಪುರದಿಂದ ಬಂದಿದ್ದ ನೇಕಾರ ಅವನು.

ಬಿಲ್ಕೀಸ ನಗಲಿಲ್ಲ. ಈರಯ್ಯ ನೇಯುವ ಮಗ್ಗದ ಶೆಡ್ಡಿನ ಯಜಮಾನರಾದ ಗುರುಪುತ್ರಪ್ಪನವರು ಮಧ್ಯಾಹ್ನ ಎರಡಕ್ಕೆ ಬರುವವರಿದ್ದರು. ಐದು ದಡಿ ಕಂಪ್ಯೂಟರಿನಲ್ಲಿ ತೋರಿಸಿದರೆ ಅವಳಿಗೆ ಕೆಲಸ ಎಂದಿದ್ದರು. ಅದಕ್ಕಾಗಿ ಎಂಬತ್ತೆಂಟರ ಆ ವರ್ಷವಿಡೀ ಅವಳು ಖಾನಾಪುರದಿಂದ ರೈಲಿನಲ್ಲಿ ನಿಂತೇ ಬೆಳಗಾವಿಯ ಕಾಲೇಜಿಗೆ ಬಂದಿದ್ದಳು. ಕಂಪ್ಯೂಟರ್ ಕಲಿಸುವ ಸರ್ ಒಮ್ಮೆ ಇಣುಕಿ, "ಪ್ರೋಗ್ರಾಮ್ ಬರೋಬರಿ ಐತಿ, ಮಿಷಿನ್ ಖರಾಬ್ ಆಗೇತಿ," ಎಂದು ಚಹಾಕ್ಕೆ ಹೋಗಿದ್ದರು. ಡಿಗ್ರಿ ಇದ್ದವರಿಗೆ ತಪ್ಪೆಲ್ಲ ಮಿಷಿನ್ನಿನದೇ.

"ಏನ ಬರದೀ, ನಾಕನೇತ್ತಾಕ್ಕ ಸಾಲಿ ಬಿಟ್ಟಾಂವಗ ತಿಳಿಯೋ ಹಂಗ ಹೇಳ," ಎಂದ ಈರಯ್ಯ.

"ಒಂದರಿಂದ ಐದರ ತನಕ ಎಣಸ್ಕೋತ ಹೊಂಟೇನ್ರಿ ಕಾಕಾ. ಎಣಿಸಿದಂಗ ಒಂದೊಂದ ಗುಂಡಿಗೆ ಹೆಸರಿಲ್ಲದ ಒಂದೊಂದ ಫಂಕ್ಷನ್ ಕಟ್ಟೇನಿ. ಅದಕ್ಕ ಹೇಳಿದ್ದಿಷ್ಟ: ಒತ್ತಿದಾಗ 'ಎನ್' ನಂಬರಿನ ದಡಿ ತೋರ್ಸು."

"ಈ ಎನ್ ಅನ್ನೋದು ಯಾವದು?"

"ಐದೂ ಗುಂಡಿಗೆ ಸೇರಿ ಒಂದ ಡಬ್ಬಿ ಅಂತ ತಿಳೀರಿ. ಎಣಿಕಿ ಮುಂದ ಹೋದಂಗ ಅದರಾಗಿನ ಅಂಕಿ ಬದಲಾಗಿ ಕಡೀಕ ಐದಕ್ಕ ನಿಲ್ಲತೈತಿ."

ಈರಯ್ಯ ತೊಡೆ ತಟ್ಟಿಕೊಂಡು ನಕ್ಕ. "ನಮ್ಮ ಶೆಡ್ಡಿನ ದುಂಡಪ್ಪ ಹೊಸದಾಗಿ ಬಂದಾಗ ಇದನ್ನ ಮಾಡಿದ್ದ. ಐದು ಗಿರಾಕಿ ಚೀಟಿ ಮ್ಯಾಲ 'ಮಗ್ಗದ ಮ್ಯಾಲಿನ ದಡಿ' ಅಂತ ಬರದಿಟ್ಟಿದ್ದ. ನೇಯಾಕ ಕುಂತಾಗ ಮಗ್ಗದ ಮ್ಯಾಲ ಇದ್ದದ್ದು ಕಡೀದೊಂದ. ಐದೂ ಮಂದಿಗೆ ಅದನ್ನ ನೇಯ್ದ ಮಗಾ."

ಕಿಸೆಯಿಂದ ಚೀಟಿಗಳ ಕಟ್ಟು ತೆಗೆದ. ಪ್ರತಿ ಚೀಟಿಗೂ ಬೆರಳಗಲದ ದಡಿಯ ತುಂಡು ಹೊಲಿದಿತ್ತು. "ಅವತ್ತಿಂದ ಚೀಟಿ ಬರಿಯೂವಾಗನ ತುಂಡ ಕತ್ತರಿಸಿ ಹಚ್ಚತೀವಿ. ಆಮ್ಯಾಲ ಮಗ್ಗದ ಮ್ಯಾಲ ಏನರ ಬರವಲ್ದ್ಯಾಕ."

ಬಿಲ್ಕೀಸ ಆ ತುಂಡುಗಳನ್ನು ನೋಡಿದಳು, ಪರದೆಯನ್ನು ನೋಡಿದಳು. ಒಂದು ಸಾಲು ಸೇರಿಸಿದಳು. ಪ್ರತಿ ಸುತ್ತಿಗೂ ಹೊಸದೊಂದು ಡಬ್ಬಿ, ಅದರಲ್ಲಿ ಆ ಹೊತ್ತಿನ ಅಂಕಿಯ ನಕಲು. ಫಂಕ್ಷನ್ ಇನ್ನು ನೋಡುವುದು ಅದನ್ನೇ.

ಒಂದು ಒತ್ತಿದಳು. ಗೋಮಿ ದಡಿ ಬಂತು. ಎರಡು, ಚಿಕ್ಕಿಪರಾಸ ದಡಿ.

"ಸರಿ, ನೀ ಏಳ," ಎಂದು ಈರಯ್ಯ ಕುರ್ಚಿ ಹಿಡಿದ.

ಗುರುಪುತ್ರಪ್ಪನವರು ಬಂದು ಬಾಗಿಲಲ್ಲೇ ನಿಂತರು. "ಮಗ್ಗ ಬಿಟ್ಟ ಇಲ್ಲೇನ ಮಾಡಾಕತ್ತೀಯೋ?"

"ನಾಕನೇದ ಒತ್ತಾಕತ್ತೇನ್ರಿ ಯಜಮಾನ್ರ. ಗದ್ಲ ಮಾಡಬ್ಯಾಡ್ರಿ."

ಅವರು ಬಗ್ಗಿ ಐದೂ ದಡಿ ನೋಡಿದರು. ಮತ್ತೊಮ್ಮೆ ನೋಡಿದರು. "ಸೋಮವಾರ ಕೆಲಸಕ್ಕ ಯಾವ ಗಾಡಿಗೆ ಬರ್ತೀಯವಾ?"

"ಮೊದಲನೇ ಗಾಡಿಗೇ ರೀ," ಎಂದಳು ಬಿಲ್ಕೀಸ.

ಈರಯ್ಯನಿಗೆ ಇದಾವುದೂ ಕೇಳಿಸಲಿಲ್ಲ. ಗೋಮಿಯ ತುಂಡನ್ನು ಪರದೆಯ ಗಾಜಿಗೆ ಒತ್ತಿ ಹಿಡಿದು, ಹಸಿರು ಗೆರೆಗಳ ಪಕ್ಕ ಎಳೆ ಎಣಿಸುತ್ತಿದ್ದ.